ಪಾರ್ಟಿಗೆ ಐಸ್ ತರಿಸುವ ಮುನ್ನ ಕೇಳಿ: ಇದು ತಿನ್ನುವ ಐಸೇ?

ಮೇ ತಿಂಗಳಲ್ಲಿ ಮನೆಯಲ್ಲೋ ಸೊಸೈಟಿಯ ಟೆರೇಸಿನಲ್ಲೋ ಕಾರ್ಯಕ್ರಮ ಇಟ್ಟುಕೊಂಡಿರುವ ಮುಂಬಯಿಯ ನಮ್ಮವರೆಲ್ಲ ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಊಟದ ವಿಷಯಕ್ಕೆ ನಾವು ಕೇಟರಿಂಗ್‌ನವರ ಜೊತೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆಮ್ರಸಕ್ಕೆ ಹಾಪೂಸೇ ಆಗಬೇಕು, ಪೂರಿ ಅಲ್ಲೇ ಕರಿದು ಬಡಿಸಬೇಕು, ಕೋರಿ ರೊಟ್ಟಿಗೆ ರೊಟ್ಟಿ ಊರಿಂದಲೇ ಬರಬೇಕು. ಐಸ್ ಎಲ್ಲಿಂದ ಬರುತ್ತದೆ ಎಂಬ ಮಾತು ಮಾತ್ರ ಬರುವುದೇ ಇಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಹಲವು ಮನೆಗಳಿಗೆ ಕಾಮಾಲೆ ಹೊಕ್ಕಿದ್ದು ಆ ಐಸಿನಿಂದಲೇ ಎಂದು ನಾನು ನಂಬಿದ್ದೇನೆ. ಯಾಕೆ ನಂಬಿದ್ದೇನೆ ಎಂಬುದನ್ನೂ ಬರೆಯುತ್ತೇನೆ, ನೀವೇ ತೂಗಿ ನೋಡಿ.

ಅಕ್ಕ-ಭಾವನ ಮದುವೆಯ 25ನೇ ವರ್ಷ. ಮೇ ಮೊದಲ ಭಾನುವಾರ ಮಧ್ಯಾಹ್ನ ಮಾಟುಂಗಾದಲ್ಲಿ ಎಲ್ಲರೂ ಸೇರಿ ಒಂದು ಕನ್ನಡ ನಾಟಕ ನೋಡುವುದು, ಸಂಜೆ ಚೆಂಬೂರಿನಲ್ಲಿ ಅವರ ಕಟ್ಟಡದ ಟೆರೇಸಿನಲ್ಲಿ ಊಟ ಎಂದು ನಿಶ್ಚಯವಾಗಿತ್ತು. ಮಕ್ಕಳಿಗೆ ರಜೆ, ಆ ವಾರವೋ ಮುಂದಿನ ವಾರವೋ ಎಲ್ಲರೂ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಡುವವರು, ಹೊರಡುವ ಮೊದಲು ಒಂದು ದಿನ ಒಟ್ಟಿಗೆ ಕಳೆಯುವ ಆಸೆ. ನಾಟಕ ಮುಗಿಸಿ ಹೆಂಗಸರು ಮಾಟುಂಗಾ ಮಾರ್ಕೆಟಿನಲ್ಲಿ ಮಲ್ಲಿಗೆ ಕೊಂಡು, ಗಂಡಸರು ಒಂದೊಂದು ಫಿಲ್ಟರ್ ಕಾಫಿ ಕುಡಿದು ಚೆಂಬೂರು ತಲುಪುವಾಗ ಟೆರೇಸಿನಲ್ಲಿ ದೀಪಮಾಲೆ ಉರಿಯುತ್ತಿತ್ತು. ಒಂದು ಮೂಲೆಯಲ್ಲಿ ಕೈರಿ ಪನ್ಹೆ ಎಂಬ ಮಾವಿನಕಾಯಿ ಪಾನಕ, ಪುನರ್ಪುಳಿ ಶರಬತ್ತು. ಇನ್ನೊಂದು ಮೂಲೆಯಲ್ಲಿ ಮಕ್ಕಳಿಗಾಗಿ ಗೋಲಾ, ಅಂದರೆ ತುರಿದ ಐಸಿಗೆ ಸಿರಪ್ ಹಾಕಿ ಕೊಡುವ ಕೌಂಟರ್: ಕಾಲಾಖಟ್ಟಾ, ಗುಲಾಬಿ, ಕಚ್ಚಾ ಮಾವು. ಅಂಥ ಸೆಕೆಯಲ್ಲಿ ಮೊದಲು ಜನ ಮುತ್ತಿದ್ದು ಅಲ್ಲಿಗೇ.

ಐಸ್ ಬಂದದ್ದು ದೊಡ್ಡ ಲಾದಿಗಳಲ್ಲಿ, ಅಂದರೆ ಗಟ್ಟಿಗಳಲ್ಲಿ, ಗೋಣಿ ಸುತ್ತಿಕೊಂಡು. ಲಿಫ್ಟಿನ ನೆಲದ ಮೇಲಿಟ್ಟು ಮೇಲೆ ತಂದರು, ಟೆರೇಸಿನ ಟೈಲ್ಸ್ ಮೇಲೆಯೇ ಮೊಳೆಯಂಥ ಸಲಾಕೆಯಿಂದ ಒಡೆದರು. ಅರ್ಧ ಲಾದಿ ಕೋಲ್ಡ್ ಡ್ರಿಂಕ್ಸ್ ಬಾಟಲಿಗಳ ಟಬ್ಬಿಗೆ ಹೋಯಿತು, ಉಳಿದರ್ಧ ಗೋಲಾ ಯಂತ್ರಕ್ಕೆ ಮತ್ತು ಶರಬತ್ತಿನ ಪಾತ್ರೆಗೆ. ಒಂದೇ ಲಾದಿ, ಎರಡು ಕೆಲಸ. ಮುಂಬಯಿಯಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ ಅಲ್ಲಿದ್ದ ಯಾರಿಗೂ ಅದು ಕಣ್ಣಿಗೆ ಬೀಳುವ ಸಂಗತಿಯೇ ಆಗಿರಲಿಲ್ಲ.

ಆಮೇಲೆ ಎಲ್ಲರೂ ಊರಿಗೆ ಹೋದರು. ಮೇ ಕೊನೆಯಲ್ಲಿ ಭಾವನ ತಮ್ಮನಿಗೆ ಕುಂದಾಪುರದಲ್ಲಿ ಜ್ವರ, ವಾಕರಿಕೆ, ಊಟ ಕಂಡರಾಗದು. ಕೆಲವೇ ದಿನಗಳಲ್ಲಿ ಕಣ್ಣು ಹಳದಿ. ಜೂನ್ ಮೊದಲ ವಾರ ಅಕ್ಕನ ಮಗನಿಗೆ, ಆಮೇಲೆ ಕಾರ್ಕಳದಲ್ಲಿದ್ದ ಸೋದರತ್ತೆಯ ಮಗಳಿಗೆ. ಊರಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಮುಂಬಯಿಯ ಮಕ್ಕಳಿಗೆ ಬಾವಿ ನೀರು ಹಿಡಿಸಲಿಲ್ಲ, ಮದುವೆಮನೆಗಳಲ್ಲಿ ಎಲ್ಲೆಂದರಲ್ಲಿ ಉಂಡರು. ಪಾಪ, ಕುಂದಾಪುರದ ಆ ಮನೆಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು, ನೆಂಟರ ಮುಂದೆ ತಲೆ ತಗ್ಗಿಸಿದರು. ಅವರದೇನೂ ತಪ್ಪಿರಲಿಲ್ಲ ಎಂಬುದು ನನಗೆ ಇಂದಿಗೂ ಚುಚ್ಚುತ್ತದೆ.

ಹೆಪಟೈಟಿಸ್ ಎ ಎಂಬ ಈ ಕಾಮಾಲೆಯ ಸ್ವಭಾವವೇ ಹಾಗೆ. ವೈರಸ್ ಹೊಟ್ಟೆಗೆ ಹೋದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು, ಸಾಮಾನ್ಯವಾಗಿ ನಾಲ್ಕು ವಾರ. ಡಾಕ್ಟರು ಹೊರಗೇನು ತಿಂದಿರಿ ಎಂದು ಕೇಳಿದರೆ ನಾವು ಹೇಳುವುದು ಮೊನ್ನೆ ತಿಂದ ಪಾನಿಪುರಿ. ತಿಂಗಳ ಹಿಂದೆ ಇನ್ನೊಂದು ಊರಿನಲ್ಲಿ ಕುಡಿದ ಶರಬತ್ತು ಯಾರ ನೆನಪಿಗೂ ಬರುವುದಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಕಣ್ಣು ಹಳದಿಯಾಗುವ ಮುಂಚಿನ ಒಂದೆರಡು ವಾರವೇ ರೋಗಿಯಿಂದ ಬೇರೆಯವರಿಗೆ ಹರಡುವುದು ಹೆಚ್ಚು. ಕುಂದಾಪುರದ ಆ ಮನೆಯ ಸೊಸೆಗೆ ಜುಲೈಯಲ್ಲಿ ಬಂತು. ಆಕೆ ನಮ್ಮ ಪಾರ್ಟಿಗೆ ಬಂದವಳೇ ಅಲ್ಲ.

ಬಾವಿಯ ಮೇಲಿನ ಅನುಮಾನ ಬಿದ್ದುಹೋದದ್ದು ಅಕ್ಕನ ಕಟ್ಟಡದ ಮರಾಠಿ ನೆರೆಯಾಕೆಯಿಂದ. ಅವರು ಕರ್ನಾಟಕದ ಕಡೆ ಬಂದವರೇ ಅಲ್ಲ, ಅವರಿಗೂ ಜೂನ್‌ನಲ್ಲಿ ಕಾಮಾಲೆ. ಅವತ್ತು ಅವರಿಗೆ ಉಪವಾಸ, ಊಟ ಮುಟ್ಟಿರಲಿಲ್ಲ, ಕುಡಿದದ್ದು ಪನ್ಹೆ ಮಾತ್ರ. ಆಮೇಲೆ ನಾನು ಬಂದವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ವಸಯಿಯಿಂದ ಬರಬೇಕಿದ್ದ ಒಂದು ಸಂಸಾರ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಲ್ಲಿ ಸಿಕ್ಕಿ ತಡವಾಗಿ ಬಂದಿತ್ತು. ಆಗ ಗೋಲಾ, ಶರಬತ್ತು ಎರಡೂ ಖಾಲಿ. ಅವರು ಪೂರಿ, ಆಮ್ರಸ, ಕೋಳಿ ಸಾರು ಎಲ್ಲ ಉಂಡರು, ಸೀಲಾದ ಬಾಟಲಿ ನೀರು ಕುಡಿದರು. ಅವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಪಾರ್ಟಿಗೆ ಬಂದು ಕಾಯಿಲೆ ಬಿದ್ದವರೆಲ್ಲ ಗೋಲಾ ತಿಂದವರು ಅಥವಾ ಶರಬತ್ತು ಕುಡಿದವರು.

ನಮ್ಮ ಹಿರಿಯರೂ ಶರಬತ್ತು ಕುಡಿದಿದ್ದರು, ಅವರಿಗೇಕೆ ಬರಲಿಲ್ಲ ಎಂದು ಕೆಲವರು ಕೇಳಿದರು. ಊರಿನಲ್ಲಿ ಬೆಳೆದ ಆ ತಲೆಮಾರಿನ ಬಹಳ ಜನರಿಗೆ ಚಿಕ್ಕಂದಿನಲ್ಲೇ ಈ ಸೋಂಕು ಗೊತ್ತಾಗದಂತೆ ಬಂದು ಹೋಗಿರುತ್ತದೆ, ಒಮ್ಮೆ ಬಂದರೆ ಜೀವಮಾನಪೂರ್ತಿ ರಕ್ಷಣೆ. ಸಣ್ಣ ಮಕ್ಕಳಲ್ಲಿ ಹೆಚ್ಚಾಗಿ ಕಣ್ಣು ಹಳದಿಯಾಗುವುದೇ ಇಲ್ಲ. ಹೊಡೆತ ಬೀಳುವುದು ಪ್ಯೂರಿಫೈಯರ್ ನೀರು ಕುಡಿದು ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ಅಕ್ಕನ ಮಗನಿಗೆ ಮೊದಲು ನಾಟಿ ಮದ್ದು ಕೊಡಿಸೋಣ ಎಂದು ಮನೆಯಲ್ಲಿ ಚರ್ಚೆಯಾಗುತ್ತಿದ್ದಾಗಲೇ ಅವನಿಗೆ ಮಾತು ತೊದಲತೊಡಗಿತು, ಹಗಲೆಲ್ಲ ಮಂಪರು. ಮಣಿಪಾಲಕ್ಕೆ ಸಾಗಿಸಿದರು, ಐಸಿಯುನಲ್ಲಿಟ್ಟರು. ಹುಡುಗ ಉಳಿದ. ಕಾಮಾಲೆ ಆದವರಲ್ಲಿ ಮಂಪರು, ಗೊಂದಲದ ಮಾತು, ಒಸಡು ಅಥವಾ ಮೂಗಿನಲ್ಲಿ ರಕ್ತ ಕಂಡರೆ ಒಂದು ಗಂಟೆಯನ್ನೂ ಕಳೆಯಬೇಡಿ. ಯಕೃತ್ತು ಸೋಲುತ್ತಿರುವ ಲಕ್ಷಣ ಅದು.

ಈಗ ಐಸಿನ ವಿಷಯ. ಮುಂಬಯಿಯಲ್ಲಿ ತಯಾರಾಗುವ ಲಾದಿ ಐಸಿನಲ್ಲಿ ಬಹಳಷ್ಟು ಮೀನಿಗಾಗಿ, ಸಾಮಾನು ತಂಪಾಗಿಡಲಿಕ್ಕಾಗಿ. ಸಸೂನ್ ಡಾಕ್, ಭಾವುಚಾ ಧಕ್ಕಾದಂಥ ಮೀನಿನ ಬಂದರುಗಳಿಗೆ ಬೆಳಗಿನ ಜಾವ ಹೋದವರು ಟೆಂಪೋಗಳಲ್ಲಿ ಅದು ಬಂದಿಳಿಯುವುದನ್ನು ನೋಡಿರುತ್ತಾರೆ. ಅದು ಕುಡಿಯುವ ನೀರಿನಿಂದಲೇ ಆಗಿದೆ ಎಂದು ನಂಬುವಂತಿಲ್ಲ. ತಿನ್ನುವ ಐಸಿಗಂತೂ ಕುಡಿಯುವ ನೀರು, ಆಹಾರದ ಲೈಸೆನ್ಸ್ ಎರಡೂ ಬೇಕು. ಎರಡೂ ನೋಡಲು ಒಂದೇ ಥರ ಇರುವುದರಿಂದಲೇ 2018ರಲ್ಲಿ ಮಹಾರಾಷ್ಟ್ರದ ಎಫ್‌ಡಿಎ (ಆಹಾರ ಮತ್ತು ಔಷಧ ಇಲಾಖೆ) ತಿನ್ನಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕು ಎಂಬ ನಿಯಮ ತಂದಿತು. ಒಳ್ಳೆಯ ನಿಯಮ. ಆದರೆ ನಮ್ಮ ಟೆರೇಸಿಗೆ ಬಂದ ಲಾದಿ ಬೆಳ್ಳಗೇ ಇತ್ತು. ಹಾಗಾಗಿ ನೀಲಿ ಕಂಡರೆ ಬಾಯಿಗೆ ಹಾಕಲೇಬೇಡಿ, ಬಿಳಿ ಇದೆ ಎಂದಷ್ಟಕ್ಕೇ ನಂಬಬೇಡಿ.

ಹೆಪ್ಪುಗಟ್ಟಿದರೆ ಕ್ರಿಮಿ ಸಾಯುತ್ತದೆ ಎಂಬುದು ಸುಳ್ಳು. ಈ ವೈರಸ್ ಫ್ರೀಜರಿನಲ್ಲಿ ಆರಾಮವಾಗಿ ಬದುಕುತ್ತದೆ. ಟೈಫಾಯ್ಡ್, ವಾಂತಿಭೇದಿಯ ಕ್ರಿಮಿಗಳೂ ಅಷ್ಟೇ. ಪೆಗ್ಗಿಗೆ ಹಾಕಿದ ಐಸಿಗೆ ದೋಷವಿಲ್ಲ ಎನ್ನುವವರ ಮಾತನ್ನೂ ಕೇಳಬೇಡಿ, ಗ್ಲಾಸಿನಲ್ಲಿರುವ ಮದ್ಯಕ್ಕೆ ವೈರಸ್ ಕೊಲ್ಲುವ ಶಕ್ತಿ ಇಲ್ಲ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದ ನೀರಿನಲ್ಲಿ ಅದು ಸಾಯುತ್ತದೆ.

ಕೇಟರಿಂಗ್‌ನವರನ್ನು ಭಾವ ಹೋಗಿ ಕೇಳಿದರು. "ಶೇಟ್ರೇ, ಎಲ್ಲ ಪಾರ್ಟಿಗೂ ಇದೇ ಐಸ್ ಹೋಗುವುದು, ಇವತ್ತಿನವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂದರಂತೆ. ತಿಂಗಳ ನಂತರ, ನೂರಾರು ಮೈಲಿ ಆಚೆ ಬರುವ ಕಾಯಿಲೆಗೆ ಯಾರು ಇವರಲ್ಲಿಗೆ ಬಂದು ಕಂಪ್ಲೇಂಟ್ ಮಾಡಿಯಾರು? ಬಿಲ್ಲು ತೆಗೆದು ನೋಡಿದರೆ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಐಸ್, ಕೂಲಿಂಗ್‌ಗೆ". ತಂಪಾಗಿಡಲು ತಂದ ಐಸನ್ನು ಮಕ್ಕಳ ಬಾಯಿಗೆ ಕೊಟ್ಟಿದ್ದರು. ನಾವು ದೂರು ಕೊಟ್ಟಿದ್ದೇವೆ. ಆದರೆ ಪರೀಕ್ಷೆಗೆ ಆ ದಿನದ ಐಸ್ ಎಲ್ಲಿಂದ ತರುವುದು?

ಅದಕ್ಕೇ ಮೊದಲೇ ಕೇಳಬೇಕು. ಆರ್ಡರ್ ಕೊಡುವಾಗಲೇ ಬಾಯಿಗೆ ಹೋಗುವ ಐಸ್ ಬೇರೆ, ಟಬ್ಬಿನ ಐಸ್ ಬೇರೆ ಎಂದು ಬಿಲ್ಲಿನಲ್ಲಿ ಬರೆಸಿ. ಬಾಯಿಗೆ ಹೋಗುವುದು ಸೀಲಾದ ಪ್ಯಾಕೆಟಿನಲ್ಲಿ, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರಿನ ಸಮೇತ ಬರಲಿ. ಗೋಣಿಯಲ್ಲಿ ಬಂದದ್ದನ್ನು ವಾಪಸ್ ಕಳಿಸಿ, ಆತಿಥ್ಯಕ್ಕೆ ಕುಂದು ಎಂದು ಸಂಕೋಚಪಡಬೇಡಿ. ಸಣ್ಣ ಕಾರ್ಯಕ್ರಮವಾದರೆ ಐಸೇ ಬೇಡ: ಪುನರ್ಪುಳಿ ಶರಬತ್ತನ್ನು ಕುದಿಸಿ ಆರಿಸಿದ ನೀರಿನಲ್ಲಿ ಮಾಡಿ ಪಾತ್ರೆಯನ್ನೇ ಫ್ರಿಜ್ಜಿನಲ್ಲಿಟ್ಟರೆ ರುಚಿಯೂ ನೀರಾಗುವುದಿಲ್ಲ. ಬೀದಿಯ ಗೋಲಾ, ಕಬ್ಬಿನ ಹಾಲಿಗೂ ಇದೇ ಪ್ರಶ್ನೆ ಕೇಳಿ, ಕಬ್ಬಿನ ಹಾಲನ್ನು ಐಸಿಲ್ಲದೆ ಕೊಡಿ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ.

ಹೆಪಟೈಟಿಸ್ ಎಗೆ ಲಸಿಕೆ ಇದೆ. ಸರ್ಕಾರಿ ಉಚಿತ ಪಟ್ಟಿಯಲ್ಲಿ ಇಲ್ಲದ್ದರಿಂದ ನಾವೇ ದುಡ್ಡು ಕೊಟ್ಟು ಹಾಕಿಸಬೇಕು. ಮನೆಯಲ್ಲಿ ಒಬ್ಬರಿಗೆ ಬಂದಿದೆ ಎಂದು ತಿಳಿದ ಕೂಡಲೇ ಉಳಿದವರ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ, ಸಂಪರ್ಕವಾಗಿ ಎರಡು ವಾರದೊಳಗೆ ಹಾಕಿಸಿಕೊಂಡರೆ ಕಾಯಿಲೆ ತಪ್ಪುವ ಅವಕಾಶ ಚೆನ್ನಾಗಿದೆ. ಮತ್ತು ಊರಿನಲ್ಲಿ ಕಾಯಿಲೆ ಬಿದ್ದರೆ ಡಾಕ್ಟರರ ಹತ್ತಿರ ಬಾವಿಯ ಮಾತೆತ್ತುವ ಮೊದಲು, ಹಿಂದಿನ ಏಳು ವಾರ ಮುಂಬಯಿಯಲ್ಲಿ ಎಲ್ಲೆಲ್ಲಿ ಉಂಡಿರಿ, ಕುಡಿದಿರಿ ಎಂಬುದನ್ನು ಹೇಳಿ.