ಲೇಸರ್ ಹೊಗೆಗೆ 6 ಇಂಚಿನ ಡಕ್ಟ್ ಫ್ಯಾನ್: ಎಂಟು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹೊಗೆಯನ್ನು ಪೈಪಿನಲ್ಲಿ ಎಳೆದು ಮನೆಯ ಹೊರಗೆ ಬಿಡಲು ಇದು ನಾನು ಕೊಂಡ ಎರಡನೇ ಫ್ಯಾನ್. ಮೊದಲನೆಯದಕ್ಕೆ ಕೊಟ್ಟ 1,450 ರೂಪಾಯಿ ಪಾಠ ಕಲಿತ ಫೀಸು ಅಂದುಕೊಂಡಿದ್ದೇನೆ. ಕಂಪನಿ ಹೆಸರು ಬರೆಯುತ್ತಿಲ್ಲ. ಬರೆದರೂ ಉಪಯೋಗ ಕಡಿಮೆ, ನಾನು ಕೊಂಡ ಅದೇ ಡಬ್ಬ, ಅದೇ ಫೋಟೋ ಆನ್‌ಲೈನ್‌ನಲ್ಲಿ ನಾಲ್ಕು ಹೆಸರಲ್ಲಿ ಕಾಣುತ್ತಿತ್ತು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ. ಅಡುಗೆಮನೆ ಪಕ್ಕದ ಸ್ಟೋರ್ ರೂಮಿನಲ್ಲಿ 10 ವ್ಯಾಟ್‌ನ ಡಯೋಡ್ ಲೇಸರ್ ಇಟ್ಟುಕೊಂಡಿದ್ದೇನೆ, ಬೆಳಕಿನಿಂದಲೇ ಸುಟ್ಟು ಕೆತ್ತುವ, ಕತ್ತರಿಸುವ ಮಷಿನ್. ಗೃಹಪ್ರವೇಶಕ್ಕೆ ಹೆಸರಿನ ಫಲಕ, ನಾಮಕರಣಕ್ಕೆ ಕೀ ಚೈನ್, ದಸರಾ ಬಂತೆಂದರೆ ಗೊಂಬೆ ಕೂರಿಸುವವರಿಗೆ 3 ಮಿಲಿಮೀಟರ್ ಎಂಡಿಎಫ್‌ನಲ್ಲಿ ಪುಟಾಣಿ ಅಂಬಾರಿ ಆನೆ. ಮರದ ಮೇಲೆ ಸುಮ್ನೆ ಅಕ್ಷರ ಬರೆದರೆ ಹೊಗೆ ಅಷ್ಟಿಲ್ಲ, ವಾಸನೆಯೂ ಸೌದೆ ಒಲೆಯದರ ಹಾಗೆ, ಸಹಿಸಬಹುದು. ಎಂಡಿಎಫ್ ಕತ್ತರಿಸಲು ಶುರು ಮಾಡಿದಾಗ ಕಥೆ ಬೇರೆ. ಅದು ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಂಟು ಸುಟ್ಟಾಗ ಫಾರ್ಮಾಲ್ಡಿಹೈಡ್ ಕೂಡ ಬರುತ್ತದೆ. ಕಣ್ಣು ಉರಿ, ಗಂಟಲು ಕೆರೆತ. ಮೊದಲ ಆನೆ ಕತ್ತರಿಸಿದ ದಿನ ಅತ್ತೆ ಹಾಲಿನಿಂದಲೇ ಕೂಗಿದರು: "ಏನಮ್ಮಾ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತ್ಯಾ?"

ಆಗ ತಂದದ್ದು 4 ಇಂಚಿನ ಪ್ಲಾಸ್ಟಿಕ್ ಫ್ಯಾನ್. ಡಬ್ಬದ ಮೇಲೆ ನಿಮಿಷಕ್ಕೆ 105 ಘನ ಅಡಿ ಗಾಳಿ ಎಳೆಯುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ನನ್ನ ಲೇಸರ್ ಕೂರುವ ಪೆಟ್ಟಿಗೆ 2 ಅಡಿ ಉದ್ದ, 2 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಅಂದರೆ ಬರೀ 5 ಘನ ಅಡಿ. ನಿಮಿಷಕ್ಕೆ ಇಪ್ಪತ್ತೊಂದು ಸಲ ಒಳಗಿನ ಗಾಳಿ ಬದಲಾಗಬೇಕಲ್ವಾ? ಲೆಕ್ಕ ನೋಡಿ ಖುಷಿಯಾಗಿದ್ದೆ. ಫ್ಯಾನ್ ಹಾಕಿದ ಸಂಜೆಯೇ ಮತ್ತೆ ಅದೇ ಕೂಗು.

ಎಲ್ಲಿ ಸೋರುತ್ತಿದೆ ಅಂತ ನೋಡಲು ದೇವರ ಮನೆಯಿಂದ ಒಂದು ಊದುಬತ್ತಿ ತಂದೆ. ಇದಕ್ಕಿಂತ ಒಳ್ಳೆಯ ಮೀಟರ್ ಬೇಡ. ಪೆಟ್ಟಿಗೆಯ ಸಂದಿಗೆ ಹಿಡಿದರೆ ಹೊಗೆಯ ಎಳೆ ಒಳಗೆ ಬಾಗಬೇಕು. ನನ್ನದು ನೆಟ್ಟಗೆ ಮೇಲೆ ಹೋಗುತ್ತಿತ್ತು, ಫ್ಯಾನ್ ಇರುವುದೇ ಗೊತ್ತಿಲ್ಲದ ಹಾಗೆ. ಪೈಪಿನ ಜೋಡಣೆ ಹತ್ತಿರ ಹಿಡಿದಾಗ ಎಳೆ ಹೊರಕ್ಕೆ ಚದುರಿತು. ಫ್ಯಾನನ್ನು ನಾನು ಪೆಟ್ಟಿಗೆಗೇ ಅಂಟಿಸಿದ್ದೆ. ಅಲ್ಲಿಂದ ಕಿಟಕಿವರೆಗೆ 12 ಅಡಿ ಪೈಪ್. ಆ 12 ಅಡಿಯೂ ಒಳಗಿಂದ ತಳ್ಳಿಸಿಕೊಳ್ಳುವ ಪೈಪು, ಹಾಗಾಗಿ ಸಿಕ್ಕ ಸಂದಿಯಲ್ಲೆಲ್ಲ ಹೊಗೆ ರೂಮಿಗೇ ಬರುತ್ತಿತ್ತು. ಫ್ಯಾನ್ ಕಿಟಕಿ ತುದಿಯಲ್ಲಿದ್ದರೆ ಇಡೀ ಪೈಪ್ ಎಳೆತದಲ್ಲಿರುತ್ತದೆ. ಆಗ ಸಂದಿ ಇದ್ದರೂ ರೂಮಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ಇಷ್ಟು ಸಣ್ಣ ವಿಷಯವನ್ನು ಫ್ಯಾನ್ ಜೊತೆ ಬಂದ ಚೀಟಿಯಲ್ಲಿ ಒಂದು ಸಾಲು ಬರೆಯಬಹುದಿತ್ತು.

ಫ್ಯಾನನ್ನು ಕಿಟಕಿಗೆ ಸಾಗಿಸಿದೆ. ವಾಸನೆ ಕಡಿಮೆಯಾಯಿತು, ನಿಲ್ಲಲಿಲ್ಲ. ಪಿಯುಸಿ ಓದುವ ಮಗ ಒಂದು ಉಪಾಯ ಹೇಳಿದ. ಹೊರಗೆ ಏಣಿ ಹತ್ತಿ ಪೈಪಿನ ಬಾಯಿಗೆ 60 ಲೀಟರಿನ ಕಸದ ಚೀಲ ಚಪ್ಪಟೆ ಮಾಡಿ ಹಿಡಿದ. ನಾನು ಒಳಗೆ ಸ್ವಿಚ್ ಹಾಕಿ ಮೊಬೈಲಿನಲ್ಲಿ ಸಮಯ ನೋಡಿದೆ. ಚೀಲ ಉಬ್ಬಲು 8 ಸೆಕೆಂಡ್. ಒಂದು ಘನ ಅಡಿ ಅಂದರೆ 28 ಲೀಟರ್ ಚಿಲ್ಲರೆ, ಹಾಗಾಗಿ ನಿಮಿಷಕ್ಕೆ ಸುಮಾರು 16 ಘನ ಅಡಿ. ಡಬ್ಬದ 105 ಎಲ್ಲಿ, ಇದೆಲ್ಲಿ! ಡಬ್ಬದ ಮೇಲಿನದು ಪೈಪೇ ಇಲ್ಲದೆ, ಬಯಲಲ್ಲಿ ತಿರುಗಿಸಿದಾಗಿನ ಲೆಕ್ಕ. ಟೇಬಲ್ ಫ್ಯಾನಿನ ಮುಂದೆ ಒಂದು ರಟ್ಟು ಹಿಡಿದು ನೋಡಿ, ಸದ್ದು ಬರುತ್ತದೆ, ಗಾಳಿ ಮುಂದೆ ಹೋಗುವುದಿಲ್ಲ. ಬರೀ ರೆಕ್ಕೆಯ ಫ್ಯಾನ್‌ಗಳ ಹಣೆಬರಹ ಅದು. ಗಾಳಿ ಬೀಸುತ್ತವೆ, ಅಡ್ಡಿ ಬಂದರೆ ಒತ್ತುವ ಶಕ್ತಿ ಇಲ್ಲ. ನನ್ನ ಪೈಪಿನಲ್ಲಿ ಮೂರು ತಿರುವು ಬೇರೆ, ಅರ್ಧ ಮಡಚಿಕೊಂಡು ಸುಕ್ಕುಸುಕ್ಕಾಗಿ ಬಿದ್ದಿತ್ತು.

ಅದಾದ ಮೇಲೆ ಬಂದದ್ದೇ ಈಗಿನದು. 6 ಇಂಚು, ತಗಡಿನ ಮೈ, ಮಿಕ್ಸ್ಡ್ ಫ್ಲೋ ಅನ್ನುತ್ತಾರೆ. ಇದರ ರೆಕ್ಕೆ ಗಾಳಿಯನ್ನು ಮುಂದಕ್ಕೂ ತಳ್ಳುತ್ತದೆ, ಅಂಚಿಗೂ ಎಸೆಯುತ್ತದೆ. ಅದರಿಂದ ಪೈಪಿನ ಅಡ್ಡಿಗೆ ಎದುರು ನಿಲ್ಲುವ ತಾಕತ್ತು ಬರುತ್ತದೆ. ಬೆಲೆ 4,200. 4ರ ಬದಲು 6 ಇಂಚು ಅಂದರೆ ಒಂದೂವರೆ ಪಟ್ಟು ಅಂತ ಅನಿಸುತ್ತದೆ. ಪೈಪಿನ ಬಾಯಿಯ ಲೆಕ್ಕ ಹಾಕಿದರೆ ಎರಡೂಕಾಲು ಪಟ್ಟು.

ಇನ್ನೊಂದು ಲಾಭ ಕೊಂಡ ಮೇಲೆ ಗೊತ್ತಾಯಿತು. ಅಡುಗೆಮನೆ ಚಿಮಣಿಗಳಿಗೆ ನಮ್ಮಲ್ಲಿ ಹಾಕುವುದು 6 ಇಂಚಿನ ಪೈಪೇ. ಹಾಗಾಗಿ ಅಲ್ಯೂಮಿನಿಯಂ ಪೈಪ್, ಕ್ಲಿಪ್, ಹೊರಬಾಯಿಗೆ ಹಾಕುವ ಮುಚ್ಚಳ ಎಲ್ಲ ಚಿಮಣಿ ರಿಪೇರಿ ಅಂಗಡಿಯಲ್ಲೇ ಸಿಕ್ಕವು. 4 ಇಂಚಿನ ಒಂದು ಕ್ಲಿಪ್‌ಗೆ ನಾನು ಮೂರು ಅಂಗಡಿ ಸುತ್ತಿದ್ದೆ. ಪೈಪಿಗೆ 650, ಕ್ಲಿಪ್‌ಗೆ 120, ಅಲ್ಯೂಮಿನಿಯಂ ಫಾಯಿಲ್ ಟೇಪ್ 180, ಹೊರಗಿನ ಮುಚ್ಚಳ 350, ಬಡಗಿಗೆ 500. ಫ್ಯಾನ್ ಸೇರಿ ಸರಿಯಾಗಿ 6,000. ಟೇಪ್ ಮಾತ್ರ ಫಾಯಿಲ್‌ನದೇ ತನ್ನಿ. ಮೊದಲ ಸಲ ನಾನು ಸುತ್ತಿದ್ದ ಬಟ್ಟೆಯ ಟೇಪ್ ಒಂದೇ ತಿಂಗಳಿಗೆ ಅಂಟು ಬಿಟ್ಟು ನೇತಾಡುತ್ತಿತ್ತು.

ಬಡಗಿಗೆ ಕೊಟ್ಟ 500 ಅತಿ ಒಳ್ಳೆಯ ಖರ್ಚು. ಬಾಡಿಗೆ ಮನೆ, ಗೋಡೆಗೆ ತೂತು ಕೊರೆಯುವ ಹಾಗಿಲ್ಲ, ಮಾಲೀಕರು ಮೇಲಿನ ಮನೆಯಲ್ಲೇ ಇದ್ದಾರೆ. ಸ್ಟೋರ್ ರೂಮಿನ ಮೇಲ್ಗಡೆ ವೆಂಟಿಲೇಟರಿಗೆ ಓರೆ ಗಾಜಿನ ಪಟ್ಟಿಗಳಿವೆಯಲ್ಲ, ಅವನ್ನು ಹುಷಾರಾಗಿ ಜಾರಿಸಿ ಹೊರತೆಗೆದು, ಹಳೆ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಆ ಜಾಗಕ್ಕೆ ಸರಿಯಾಗಿ 12 ಮಿಲಿಮೀಟರ್ ಪ್ಲೈವುಡ್ ಕತ್ತರಿಸಿ ನಡುವೆ 6 ಇಂಚಿನ ತೂತು ಮಾಡಿಸಿದೆ. ಮನೆ ಬಿಡುವಾಗ ಪ್ಲೈವುಡ್ ತೆಗೆದು ಗಾಜು ಹಾಕಿದರಾಯಿತು. ಪೆಟ್ಟಿಗೆಯನ್ನೂ ಅದೇ ಗೋಡೆಗೆ ಸರಿಸಿದೆ. ಈಗ ಪೈಪ್ 5 ಅಡಿ, ಒಂದೇ ತಿರುವು, ಪೂರ್ತಿ ಎಳೆದು ನೀಟಾಗಿ ನಿಲ್ಲಿಸಿದ್ದು.

ಇಷ್ಟೆಲ್ಲ ಮಾಡಿ ಸ್ವಿಚ್ ಹಾಕಿದರೆ ಪೆಟ್ಟಿಗೆಯ ಕಿತ್ತಳೆ ಬಣ್ಣದ ಅಕ್ರಿಲಿಕ್ ಮುಚ್ಚಳ ಒಳಕ್ಕೆ ಬಾಗಿ ಕಚ್ಚಿಕೊಂಡಿತು. ಫ್ಯಾನ್ ಗೊರಗೊರ ಅಂತ ಒದ್ದಾಡುತ್ತಿದೆ, ಹೊಗೆ ಒಳಗೇ ಸುತ್ತುತ್ತಿದೆ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಗಾಳಿ ಹೋಗಲು ದಾರಿ ಮಾಡಿದ್ದೆ, ಬರಲು ಮಾಡಿರಲಿಲ್ಲ! ಹೊಗೆ ಬರಬಾರದು ಅಂತ ಪೆಟ್ಟಿಗೆಯ ಒಂದೊಂದು ಸಂದಿಗೂ ಫೋಮ್ ಅಂಟಿಸಿದ್ದು ನಾನೇ. ಪೈಪಿನ ಎದುರಿನ ಬದಿಯಲ್ಲಿ, ತಳದ ಹತ್ತಿರ, 14 ಇಂಚು ಉದ್ದ 2 ಇಂಚು ಎತ್ತರದ ಸೀಳು ಕತ್ತರಿಸಿದೆ. ಅದು 28 ಚದರ ಇಂಚು, 6 ಇಂಚಿನ ಪೈಪಿನ ಬಾಯಿಯಷ್ಟೇ. ಆ ಸೀಳಿನಿಂದ ಲೇಸರಿನ ನೀಲಿ ಬೆಳಕು ಕಣ್ಣಿಗೆ ಹೊಡೆಯಬಾರದು ಅಂತ ಮುಂದೆ ಒಂದು ತಗಡನ್ನು ಬಗ್ಗಿಸಿ ಕಪ್ಪು ಬಣ್ಣ ಬಳಿದು ಕೂರಿಸಿದ್ದೇನೆ. ರೂಮಿನ ಬಾಗಿಲನ್ನೂ ಒಂದು ಗೇಣು ತೆರೆದೇ ಇಡಬೇಕು, ಇಲ್ಲದಿದ್ದರೆ ಇದೇ ರಗಳೆ ರೂಮಿನ ಲೆಕ್ಕದಲ್ಲಿ ಶುರು.

ಈಗ ಊದುಬತ್ತಿ ಹಿಡಿದರೆ ಸೀಳಿನಿಂದ ಅರ್ಧ ಅಡಿ ದೂರದಲ್ಲೇ ಹೊಗೆಯ ಎಳೆ ತಲೆ ತಗ್ಗಿಸಿ ಒಳಗೆ ಓಡುತ್ತದೆ. ನೋಡುತ್ತಾ ಕೂರಬಹುದು. ಚೀಲದ ಪರೀಕ್ಷೆಯನ್ನೂ ಮಾಡಿದೆವು. 120 ಲೀಟರಿನ ಚೀಲ ಎರಡೂವರೆ ಸೆಕೆಂಡಿಗೆ ತುಂಬಿತು, ನಿಮಿಷಕ್ಕೆ 100 ಘನ ಅಡಿ. ಈ ಡಬ್ಬದ ಮೇಲೂ 300ರ ಮೇಲೆ ಬರೆದಿದೆ, ಮೂರರಲ್ಲಿ ಒಂದು ಪಾಲು ಬಂತು. ಆದರೆ ನನಗೆ ಬೇಕಾದ್ದು ಅಷ್ಟೇ.

ಕಷ್ಟಗಳೂ ಇವೆ. ಸದ್ದು ಜಾಸ್ತಿ. ಮಿಕ್ಸಿಯಷ್ಟಲ್ಲ, ಹಳೆ ಕೂಲರಿನಷ್ಟು. ಕಡಿಮೆ ಮಾಡೋಣ ಅಂತ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಹಾಕಿದೆ. ಮೋಟರ್ ಗುಂಯ್ ಅನ್ನಲು ಶುರುಮಾಡಿ ಬಿಸಿಯೂ ಆಯಿತು, ಅಂದೇ ಕಿತ್ತೆ. ಎಳೆತ ಜೋರಾದ್ದರಿಂದ ತೆಳು ಕಾರ್ಡ್ ಕತ್ತರಿಸುವಾಗ ಹಾಳೆ ಎದ್ದು ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ, ನಾಲ್ಕು ಮೂಲೆಗೆ ಅಯಸ್ಕಾಂತ ಬೇಕು.

ಹೊರಬಾಯಿಗೆ ಬೀಳುವ ಮುಚ್ಚಳ ಹಾಕಲೇಬೇಕು. ಫ್ಯಾನ್ ಓಡುವಾಗ ತೆರೆದುಕೊಳ್ಳುತ್ತದೆ, ನಿಲ್ಲಿಸಿದರೆ ಮುಚ್ಚುತ್ತದೆ. ಅದನ್ನು ಹಾಕುವ ಮೊದಲು ನಾಲ್ಕೇ ದಿನದಲ್ಲಿ ಪಾರಿವಾಳವೊಂದು ಕಡ್ಡಿ ತಂದು ಪೇರಿಸಿತ್ತು. ಸೊಳ್ಳೆ ಜಾಲರಿ ಕಟ್ಟಿ ನೋಡಿದೆ, ಮೂರು ವಾರಕ್ಕೆ ಮಸಿ ಕಟ್ಟಿ ರೊಟ್ಟಿ ಹಾಗಾಯಿತು. ಈಗ ಅರ್ಧ ಇಂಚಿನ ಕಣ್ಣಿರುವ ಜಾಲರಿ. ಪೈಪ್ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಮಳೆ ನೀರು ಒಳಗೆ ಬರುವುದಿಲ್ಲ. ಇನ್ನು ಪಕ್ಕದ ಮನೆ ಆಂಟಿ. ಅವರ ಬಟ್ಟೆ ತಂತಿ ನಮ್ಮ ವೆಂಟಿಲೇಟರಿನ ನೇರಕ್ಕೇ ಇದೆ. ನಾನೇ ಹೋಗಿ ಹೇಳಿಬಂದೆ. ಮಧ್ಯಾಹ್ನ ಎರಡಕ್ಕೆ ಅವರ ಸೀರೆಗಳು ಒಳಗೆ ಹೋದ ಮೇಲೆಯೇ ನನ್ನ ಎಂಡಿಎಫ್ ಕೆಲಸ.

ಎರಡು ತಿಂಗಳಿಗೊಮ್ಮೆ ಪೈಪ್ ಬಿಚ್ಚುತ್ತೇನೆ. ಅಜ್ಜಿ ಮನೆಯ ಸೌದೆ ಒಲೆಯ ಮೇಲೆ ಇಲ್ಲಣ ತೂಗುತ್ತಿತ್ತಲ್ಲ, ಪೈಪಿನೊಳಗೆ ಕಟ್ಟಿದ ಮಸಿ ಅದರದೇ ತಮ್ಮ. ಕಂದು ಬಣ್ಣ, ಅಂಟಂಟು, ಬೆರಳಿಗೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ. ಫ್ಯಾನಿನ ರೆಕ್ಕೆಯ ಮೇಲೆ ಸಮನಾಗಿ ಕೂರುವುದಿಲ್ಲ, ಹಾಗಾಗಿ ತೂಕ ತಪ್ಪಿ ನಡುಗುತ್ತದೆ. ಅದಕ್ಕಿಂತ ಹೆದರಿಕೆ ಬೆಂಕಿಯದು, ಒಂದು ಕಿಡಿ ಸಾಕು. ಪ್ಲಾಸ್ಟಿಕ್ ಪೈಪ್ ಬೇಡ ಅನ್ನುವುದು ಇದಕ್ಕೇ. ಮಷಿನ್ ಓಡುವಾಗ ನಾನು ರೂಮ್ ಬಿಟ್ಟು ಏಳುವುದಿಲ್ಲ, ಕುಕ್ಕರ್ ಎಷ್ಟೇ ಕೂಗಲಿ.

ಹೊಗೆ ಸೋಸಿ ಗಾಳಿಯನ್ನು ರೂಮಿಗೇ ಬಿಡುವ ಫಿಲ್ಟರ್ ಮಷಿನ್ ತಗೋಬಹುದಿತ್ತಲ್ಲ ಅಂತ ತಮ್ಮ ಕೇಳಿದ. ಹೆಪಾ ಫಿಲ್ಟರ್ ಸಣ್ಣ ಕಣ ಹಿಡಿಯುತ್ತದೆ, ವಾಸನೆ ಮತ್ತು ಅನಿಲಕ್ಕೆ ಇದ್ದಿಲು ಬೇಕು. ಎಂಡಿಎಫ್ ಹೊಗೆಗೆ ಎರಡೂ ಬೇಗ ತುಂಬುತ್ತವೆ, ತುಂಬಿದಾಗೆಲ್ಲ ಹೊಸದು ಕೊಳ್ಳಬೇಕು. ಕಿಟಕಿಯೇ ಇಲ್ಲದ ಫ್ಲ್ಯಾಟಿನವರಿಗೆ ಸರಿ. ನನಗೆ ಕಿಟಕಿ ಇದೆ.

ಯಾವ ಫ್ಯಾನ್ ಇದ್ದರೂ ರೆಕ್ಸಿನ್ ಮಾತ್ರ ಮುಟ್ಟುವುದಿಲ್ಲ. ಹೋದ ತಿಂಗಳು ಒಬ್ಬರು ಡೈರಿ ಕವರ್ ತಂದಿದ್ದರು, ಹೆಸರು ಕೆತ್ತಿಕೊಡಿ ಅಂತ. ರೆಕ್ಸಿನ್ ಬಹುಪಾಲು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ತೇವಕ್ಕೆ ಸೇರಿದರೆ ಅದೇ ಆಸಿಡ್. ಶ್ವಾಸಕ್ಕೂ ಕೇಡು, ಮಷಿನಿನ ಕಬ್ಬಿಣಕ್ಕೂ ಕೇಡು. ಅನುಮಾನ ಇದ್ದರೆ ತಾಮ್ರದ ತಂತಿಯನ್ನು ಬಯಲಲ್ಲಿ ಕೆಂಪಗೆ ಕಾಯಿಸಿ, ವಸ್ತುವಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯುತ್ತೇನೆ. ಉರಿ ಹಸಿರಾದರೆ ವಾಪಸ್ ಕೊಡುತ್ತೇನೆ. ಅವರ ಕವರ್ ಪಚ್ಚೆ ಹಸಿರಾಗಿ ಉರಿಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಸದ್ದಿಗೆ ಕಡಿತ. ಹಳೆಯ 4 ಇಂಚಿನ ಫ್ಯಾನ್ ಎಸೆದಿಲ್ಲ. ಬಚ್ಚಲುಮನೆ ವೆಂಟಿಲೇಟರಿಗೆ ಹಾಕಿದ್ದೇನೆ, ಪೈಪಿಲ್ಲದೆ. ಅಲ್ಲಿ ಬಿಸಿನೀರಿನ ಆವಿಯನ್ನು ಚೆನ್ನಾಗಿ ಎಳೆಯುತ್ತಿದೆ.