ರುಡ್‌ಸೆಟ್ ಟೈಲರಿಂಗ್ ಟ್ರೈನಿಂಗ್ ಹೇಗಿದೆ: ಮಷೀನ್ ಕೊಡಲ್ಲ, ಆದ್ರೆ ಕೈಯೂ ಬಿಡಲ್ಲ

ರುಡ್‌ಸೆಟ್‌ಗೆ (ಹಳ್ಳಿ ಕಡೆ ಹುಡುಗ ಹುಡುಗಿಯರಿಗೆ ಸ್ವಉದ್ಯೋಗ ಕಲಿಸೋ ಸಂಸ್ಥೆ) ಹೋಗಿ ಬಂದೆ ಅಂದ ತಕ್ಷಣ ಎಲ್ರೂ ಕೇಳೋ ಮೊದಲ್ನೇ ಪ್ರಶ್ನೆ, ಕೊನೇಲಿ ಮಷೀನ್ ಕೊಟ್ರಾ ಅಂತ. ಇಲ್ಲ ರೀ, ಕೊಡಲ್ಲ. ಸರ್ಟಿಫಿಕೇಟ್ ಕೊಡ್ತಾರೆ, ಊಟ ವಸತಿ ಟ್ರೈನಿಂಗ್ ಎಲ್ಲ ಫ್ರೀ, ಆದ್ರೆ ಮಷೀನ್ ನೀವೇ ತಗೋಬೇಕು. ಇದನ್ನ ಕೇಳಿ ಅರ್ಧ ಜನ ಅಲ್ಲೇ ಆಸಕ್ತಿ ಕಳ್ಕೊಳ್ತಾರೆ. ನನ್ನ ಪ್ರಕಾರ ಆ ಸಂಸ್ಥೆ ಮಾಡ್ತಿರೋ ಅತ್ಯಂತ ಸರಿಯಾದ ಕೆಲಸ ಅದೇ, ಯಾಕೆ ಅಂತ ಹೇಳ್ತೀನಿ.

ಎಲೆಕ್ಷನ್ ಹತ್ರ ಬಂದ್ರೆ, ಇಲ್ಲಾ ಯಾರಾದ್ರೂ ಲೀಡರ್ ಬರ್ತ್‌ಡೇ ಇದ್ರೆ ಶಾಮಿಯಾನ ಹಾಕಿ ಹೊಲಿಗೆ ಯಂತ್ರ ಹಂಚ್ತಾರಲ್ಲ, ನಮ್ಮ ಬೀದಿಗೂ ಹಂಗೇ ಬಂದಿದ್ವು. ಒಂದನ್ನ ಮಾರಿದ್ರು, ಒಂದು ಅಟ್ಟದ ಮೇಲಿದೆ, ಇನ್ನೊಂದರ ಮೇಲೆ ಟಿವಿ ಕೂತಿದೆ (ಸ್ಟ್ಯಾಂಡ್ ಗಟ್ಟಿಯಾಗಿದೆ, ಅದನ್ನ ಒಪ್ಕೋಬೇಕು). ತಗೊಂಡೋರನ್ನ ಬೈದು ಏನ್ ಪ್ರಯೋಜನ, ಅವ್ರಿಗೆ ಕಟಿಂಗ್ ಯಾರೂ ಹೇಳ್ಕೊಟ್ಟಿಲ್ಲ, ಗಿರಾಕಿ ಎಲ್ಲಿಂದ ಬರ್ತಾರೆ ಅಂತ ಹೇಳಿಲ್ಲ, ಫೋಟೊ ತೆಗೆಸ್ಕೊಂಡು ಹೋದೋರು ಮತ್ತೆ ಆ ಕಡೆ ತಲೆ ಹಾಕಿಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ರುಡ್‌ಸೆಟ್ ಶುರುವಾಗಿದ್ದು 1982ರಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಕಡೆಯ ಎಸ್‌ಡಿಎಂ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂರೂ ಸೇರಿ ಮಾಡಿದ್ದು. ಸಿಂಡಿಕೇಟ್ ಈಗ ಇಲ್ಲ, 2020ರಲ್ಲಿ ಕೆನರಾ ಜೊತೆ ಸೇರ್ಕೊಳ್ತು. ದಿನಾ ಮನೆಬಾಗ್ಲಿಗೆ ಬಂದು ಪಿಗ್ಮಿ ದುಡ್ಡು ಕಟ್ಟಿಸ್ಕೊಳ್ಳೋ ಪದ್ಧತಿ ಶುರು ಮಾಡಿದ್ದು ಅದೇ ಬ್ಯಾಂಕು, ಹಾಗಾಗಿ ಸಣ್ಣ ದುಡ್ಡಿನ ಜನರ ಸಹವಾಸ ಅವ್ರಿಗೆ ಮೊದ್ಲಿಂದ್ಲೂ ಇತ್ತು. ಅನ್ನದಾನಕ್ಕೆ ಹೆಸರಾದ ಕ್ಷೇತ್ರದೋರು, ಕೆಲಸ ಇಲ್ದೆ ಕೂತಿರೋ ಹುಡುಗರಿಗೆ ಊಟ ಮಾತ್ರ ಹಾಕಿದ್ರೆ ಸಾಲಲ್ಲ, ದುಡಿಮೆ ಕಲಿಸ್ಬೇಕು ಅಂತ ಆ ಕಾಲಕ್ಕೇ ಯೋಚ್ನೆ ಮಾಡಿದ್ದು ದೊಡ್ಡದೇ. 2009ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಮಾದರಿ ಮಾಡ್ಕೊಂಡು ಜಿಲ್ಲೆಗೊಂದು ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಅಂತ ತೆರೀತು, ಅವನ್ನ ಬ್ಯಾಂಕುಗಳೇ ನಡೆಸ್ತಾವೆ. ನಿಮ್ಮ ಊರ ಹತ್ರ ರುಡ್‌ಸೆಟ್ ಇಲ್ದಿದ್ರೂ ಆರ್‌ಸೆಟಿ ಇದ್ದೇ ಇರತ್ತೆ, ವಿಚಾರಿಸಿ.

ನಾನು ಹೋಗಿದ್ದು ಚಿತ್ರದುರ್ಗದ್ದಕ್ಕೆ, 30 ದಿನದ ಟೈಲರಿಂಗು. ಹೈನುಗಾರಿಕೆ ಥರದವು ಇನ್ನೂ ಚಿಕ್ಕವು, ಮೊಬೈಲ್ ರಿಪೇರಿ, ಮೋಟರ್ ರಿವೈಂಡಿಂಗ್, ಬ್ಯೂಟಿ ಪಾರ್ಲರ್, ಫೋಟೊಗ್ರಫಿ ಎಲ್ಲ ಇರ್ತಾವೆ. ಅಲ್ಲೇ ಇರ್ಬೇಕು, ದಿನಾ ಓಡಾಡ್ತೀನಿ ಅಂದ್ರೆ ಆಗಲ್ಲ. ಚಿಕ್ಕ ಮಕ್ಕಳಿರೋರಿಗೆ ಇದು ಕಷ್ಟ, ನಮ್ಮ ಬ್ಯಾಚಲ್ಲಿ ಒಬ್ಬಾಕೆ ಮಗೂನ ಅಮ್ಮನ ಹತ್ರ ಬಿಟ್ಟು ಬಂದು ರಾತ್ರಿ ಫೋನ್ ಹಿಡ್ಕೊಂಡು ಅಳ್ತಿದ್ಲು. ಆದ್ರೆ ಮನೇಲಿದ್ರೆ ಅಡುಗೆ, ದನ, ಅತ್ತೆ ಅಂತ ಅರ್ಧ ದಿನ ಹೋಗತ್ತೆ, ಅಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೂ ಕಲಿಯೋದೇ ಕೆಲಸ. ಬೆಳಿಗ್ಗೆ ಶ್ರಮದಾನ ಇರತ್ತೆ, ಅಂಗಳ ಗುಡಿಸೋದು, ಗಿಡಕ್ಕೆ ನೀರು ಹಾಕೋದು. ಊಟ ಸಾದಾ, ಹೊಟ್ಟೆ ತುಂಬಾ.

ಹೊಲಿಗೆ ಜೊತೆಗೆ ಅವ್ರು ವ್ಯಾಪಾರದ ಪಾಠ ಮಾಡ್ತಾರೆ, ಅದ್ರಲ್ಲಿ ಒಂದು ರಿಂಗ್ ಆಟ ಇದೆ. ಒಂದು ಕೋಲು ನಿಲ್ಸಿ ಕೈಗೆ ರಿಂಗ್ ಕೊಡ್ತಾರೆ, ಎಷ್ಟು ದೂರದಿಂದ ಎಸೀತೀರ ಅಂತ ನೀವೇ ಹೇಳ್ಬೇಕು, ದೂರ ಹೋದಷ್ಟೂ ಪಾಯಿಂಟ್ ಜಾಸ್ತಿ. ಮೊದಲ್ನೇ ಸಲ ಕೆಲವ್ರು ಧೈರ್ಯ ತೋರ್ಸೋಕೆ ಗೋಡೆ ಹತ್ರ ಹೋಗಿ ನಿಂತು ಸೊನ್ನೆ ತಗೊಂಡ್ರು, ಕೆಲವ್ರು ಕೋಲಿನ ಪಕ್ಕದಲ್ಲೇ ನಿಂತು ಎಲ್ಲಾ ರಿಂಗೂ ಹಾಕಿ ಒಂದೆರಡು ಪಾಯಿಂಟ್ ತಗೊಂಡ್ರು. ಎರಡ್ನೇ ಸಲಕ್ಕೆ ಎಲ್ರೂ ಮಧ್ಯಕ್ಕೆ ಬಂದಿದ್ರು, ಯಾರೂ ಹೇಳ್ದೇನೇ. ಆಮೇಲೆ ಸಾರ್ ಕೇಳಿದ್ರು, ಸಾಲ ಎಷ್ಟು ತಗೋತೀರ ಈಗ ಹೇಳಿ ಅಂತ. ಅಮೆರಿಕದ ಮೆಕ್ಲೆಲಂಡ್ ಅನ್ನೋ ಮನಃಶಾಸ್ತ್ರಜ್ಞರು ತಮ್ಮ ಸಂಶೋಧನೇಲಿ ಬಳಸಿದ್ದ ಆಟ ಇದು, ಅವ್ರು 1964ರಲ್ಲಿ ಕಾಕಿನಾಡದ ವ್ಯಾಪಾರಸ್ಥರಿಗೂ ಇಂಥ ತರಬೇತಿ ಶುರು ಮಾಡಿಸಿದ್ರಂತೆ. ಮಾರ್ಕೆಟ್ ಸರ್ವೇ ಅಂತ ಊರೊಳಗೂ ಕಳಿಸ್ತಾರೆ, ಅಂಗಡಿ ಅಂಗಡಿ ಹತ್ತಿ ಬ್ಲೌಸಿಗೆ ಎಷ್ಟು, ಲೈನಿಂಗಿಗೆ ಎಷ್ಟು, ಫಾಲ್ ಪೀಕೋಗೆ ಎಷ್ಟು ಅಂತ ಬರ್ಕೊಂಡು ಬರ್ಬೇಕು. ನಾಚ್ಕೆ ಬಿಟ್ಟಿದ್ದು ಅವತ್ತೇ.

30 ದಿನಕ್ಕೆ ಯಾರೂ ಪಕ್ಕಾ ಟೈಲರ್ ಆಗಲ್ಲ, ಇದನ್ನ ತಿಳ್ಕೊಂಡೇ ಹೋಗಿ. ಸಾದಾ ಬ್ಲೌಸು, ಚೂಡಿದಾರ, ಲಂಗ ಬರತ್ತೆ, ಡಿಸೈನ್ ಬ್ಲೌಸಿಗೆ ಕೈ ಕೂರ್ಬೇಕಂದ್ರೆ ಆಮೇಲೂ ತಿಂಗಳಾನುಗಟ್ಟಲೆ ಹೊಲೀಬೇಕು.

ಈಗ ಬ್ಯಾಂಕಿನ ಕಥೆ. ಟ್ರೈನಿಂಗ್ ಕೊನೇಲಿ ಪ್ರಾಜೆಕ್ಟ್ ರಿಪೋರ್ಟ್ ನಮ್ಮ ಕೈಯಿಂದ್ಲೇ ಬರೆಸ್ತಾರೆ, ಅದನ್ನ ಹಿಡ್ಕೊಂಡು ಊರಿನ ಬ್ರಾಂಚಿಗೆ ಹೋದೆ (ಯಾವ ಬ್ಯಾಂಕು ಅಂತ ಬೇಡ ಬಿಡಿ). ಸಣ್ಣ ವ್ಯಾಪಾರಕ್ಕೆ ಅಂತ ಕೇಂದ್ರ ಸರ್ಕಾರದ ಮುದ್ರಾ ಯೋಜನೆ ಇದೆ, ಅದ್ರಲ್ಲಿ ಶಿಶು ಸಾಲ 50,000 ರೂಪಾಯಿವರೆಗೆ, ಅದಕ್ಕೆ ಅಡಮಾನ ಕೇಳೋ ಹಾಗಿಲ್ಲ. ಮ್ಯಾನೇಜರ್ ಅಂದ್ರು, "ನಿಮ್ಮ ಯಜಮಾನ್ರನ್ನ ಕರ್ಕೊಂಡ್ ಬನ್ನಿ ಅಮ್ಮ, ಯಾರ್ದಾದ್ರೂ ಎಫ್‌ಡಿ ಇದ್ಯಾ?" ಅಂತ. ಇಂಥ ಜಾಗದಲ್ಲೇ ಬಹಳ ಜನ ಕೈಚೆಲ್ಲೋದು. ರುಡ್‌ಸೆಟ್‌ನೋರು ಟ್ರೈನಿಂಗ್ ಆದ್ಮೇಲೂ ಎರಡು ವರ್ಷ ಫಾಲೋಅಪ್ ಮಾಡ್ತಾರೆ, ಫೋನ್ ಮಾಡಿ ಏನಾಯ್ತಮ್ಮ ಅಂದ್ರು, ಹೇಳ್ದೆ, ಅವ್ರೇ ಬಂದು ಬ್ರಾಂಚಲ್ಲಿ ಕೂತು ಮಾತಾಡಿದ್ರು. ಸಾಲ ಆಯ್ತು. ಮೋಟರ್ ಮಷೀನು, ಒಂದು ಓವರ್‌ಲಾಕ್ (ಬಟ್ಟೆ ಅಂಚು ಬಿಚ್ಚದ ಹಾಗೆ ಹೊಲಿಯೋ ಮಷೀನು) ತಗೊಂಡೆ. ಈಗ ಹೊಲಿಗೆ ಜೊತೆ ಸೀರೆ ಕುಚ್ಚು ಬೇರೆ, ಅದಕ್ಕೆ ಪಕ್ಕದ್ಮನೆ ಹುಡುಗಿ ಬರ್ತಾಳೆ, ಒಂದೊಂದು ಸೀರೆಗೆ ಇಷ್ಟು ಅಂತ ಅವಳಿಗೂ ಕೊಡ್ತೀನಿ.

ದಾನದ ದುಡ್ಡು ಅಂದ್ರೆ ನನಗೆ ಈಗ ಇದೇ ಲೆಕ್ಕ ಬರೋದು. ಟ್ರಸ್ಟಿನದ್ದು ಬ್ಯಾಂಕಿನದ್ದು ಫ್ರೀ ದುಡ್ಡೆಲ್ಲ ಕಲಿಸೋಕೆ, ಊಟಕ್ಕೆ, ಆಮೇಲೆ ಬೆನ್ನು ಹತ್ತಿ ಕೇಳೋಕೆ ಖರ್ಚಾಗತ್ತೆ. ಮಷೀನಿನ ದುಡ್ಡು ಸಾಲ. ತಿಂಗ್ಳಾ ತಿಂಗ್ಳಾ ಕಂತು ಕಟ್ಬೇಕಲ್ಲ, ಆ ಮಷೀನ್ ಮೇಲೆ ಟಿವಿ ಇಡೋಕೆ ಮನಸ್ಸು ಬರಲ್ಲ. ಹಾಗಂತ ಸುಮ್ನೆ ಕೊಡೋದೇ ತಪ್ಪು ಅನ್ನೋರ ಜೊತೆ ನಾನಿಲ್ಲ. ನಮ್ಮ ಓಣಿಯ ಎಂಬತ್ತರ ಅಜ್ಜಿಗೆ ಪೆನ್ಷನ್ ದುಡ್ಡೇ ಬೇಕು, ಅವ್ರಿಗೆ ಹೋಗಿ ಸ್ವಉದ್ಯೋಗ ಅಂದ್ರೆ ಚಪ್ಪಲೀಲಿ ಹೊಡೀತಾರೆ. ದುಡಿಯೋ ಶಕ್ತಿ ಇದ್ದು ದಾರಿ ಗೊತ್ತಿಲ್ದೋರಿಗೆ ಮಾತ್ರ ಇದು.

ಹೋಗೋರಿಗೆ: ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಫೋಟೊ ರೆಡಿ ಇಟ್ಕೊಳ್ಳಿ, 18 ತುಂಬಿರ್ಬೇಕು, ಮೇಲಿನ ವಯಸ್ಸಿನ ಮಿತಿ ಫೋನ್ ಮಾಡಿ ಕೇಳಿ. ಗ್ರಾಮೀಣ ಬಿಪಿಎಲ್‌ನೋರಿಗೆ ಮೊದಲು ಸೀಟು. ಇಂಟರ್ವ್ಯೂ ಇರತ್ತೆ, ಹೆದರೋದು ಏನಿಲ್ಲ, ಟೈಮ್‌ಪಾಸಿಗೆ ಬಂದಿದೀರೋ ನಿಜವಾಗ್ಲೂ ಅಂಗಡಿ ಇಡ್ತೀರೋ ಅಂತ ನೋಡ್ತಾರೆ ಅಷ್ಟೇ. ಜಾಸ್ತಿ ಬಂಡವಾಳ ಬೇಕಂದ್ರೆ ಪಿಎಂಇಜಿಪಿ (ಹೊಸದಾಗಿ ಉದ್ಯಮ ಶುರು ಮಾಡೋರಿಗೆ ಸಬ್ಸಿಡಿ ಇರೋ ಕೇಂದ್ರದ ಸಾಲ ಯೋಜನೆ) ಬಗ್ಗೆನೂ ಅಲ್ಲೇ ಕೇಳಿ, ಹಳ್ಳಿ ಕಡೆ ಹೆಂಗಸರಿಗೆ 35% ಸಬ್ಸಿಡಿ ಇದೆ. ಮನೇಲಿ ಯಾರ್ದಾದ್ರೂ ಹಳೇ ಸಾಲ ಬಾಕಿ ಇದ್ರೆ ಬ್ಯಾಂಕಿಗೆ ಹೋಗೋ ಮುಂಚೆನೇ ರುಡ್‌ಸೆಟ್ ಸಾರ್‌ಗೆ ಹೇಳ್ಬಿಡಿ, ಆಮೇಲೆ ಗೊತ್ತಾದ್ರೆ ಫೈಲ್ ಅಲ್ಲೇ ನಿಂತೋಗತ್ತೆ.