ಒಂದು ಚಳಿಗಾಲ, ಮೂರು ಹ್ಯಾಟು: ಹೊಂಬುರ್ಗ್, ಫೆಡೋರಾ, ಬೌಲರ್

ಫ್ರಾಂಕ್‌ಫರ್ಟಿಗೆ ಬಂದ ಏಳನೆಯ ವರ್ಷಕ್ಕೆ ನನ್ನ ನೆತ್ತಿ ಪೂರ್ತಿ ಬಯಲಾಯಿತು. ನವೆಂಬರಿನ ಗಾಳಿಗೆ ಬೋಳುತಲೆ ಒಡ್ಡಿ ರೈಲಿಗೆ ಕಾಯುವುದು ಎಂಥ ಶಿಕ್ಷೆ ಎಂದು ಕೂದಲಿರುವವರಿಗೆ ಹೇಳಿ ಪ್ರಯೋಜನವಿಲ್ಲ. ಹೋದ ಚಳಿಗಾಲದಲ್ಲಿ ಹೊಂಬುರ್ಗ್, ಫೆಡೋರಾ, ಬೌಲರ್ ಎಂಬ ಮೂರು ಹ್ಯಾಟು ಕೊಂಡು ಮಾರ್ಚ್‌ವರೆಗೆ ಸರದಿಯ ಮೇಲೆ ಹಾಕಿಕೊಂಡು ಓಡಾಡಿದೆ. ಮೂರೂ ಮೊಲದ ತುಪ್ಪಟ ಒತ್ತಿ ಮಾಡಿದ ಫೆಲ್ಟಿನವು, ಮೂರೂ 58ರ ಅಳತೆಯವು. ಇಲ್ಲಿ ಹ್ಯಾಟಿನ ಅಳತೆ ಎಂದರೆ ಸೆಂಟಿಮೀಟರಿನಲ್ಲಿ ತಲೆಯ ಸುತ್ತಳತೆ.

ಬೌಲರ್‌ಗೆ ಅದನ್ನು ಮಾಡಿಕೊಟ್ಟ ಲಂಡನ್ನಿನ ಕಸುಬುದಾರರ ಮನೆಹೆಸರು ಅಂಟಿಕೊಂಡಿದೆ. ಫೆಡೋರಾದ್ದು 1882ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ ನಾಟಕವೊಂದರ ನಾಯಕಿಯ ಹೆಸರು. ಹೊಂಬುರ್ಗ್ ಮಾತ್ರ ಊರಿನ ಹೆಸರು ಹೊತ್ತಿದೆ, ಆ ಊರು ನಮಗೆ ಎಸ್5 ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ.

ಊರಿನ ಪೂರ್ತಿ ಹೆಸರು ಬಾಡ್ ಹೊಂಬುರ್ಗ್. ಬಾಡ್ ಎಂದರೆ ಸ್ನಾನ. ಔಷಧೀಯ ಬುಗ್ಗೆಗಳಿರುವ ಊರುಗಳಿಗೆ ಸಿಗುವ ಈ ಬಿರುದು ಇದಕ್ಕೆ 1912ರಲ್ಲಿ ಬಂತು. ಬಿರುದು ಬಿಟ್ಟು ಬರೀ ‘ಹೊಂಬುರ್ಗ್’ ಎಂದು ಟಿಕೆಟ್ ಯಂತ್ರದಲ್ಲಿ ಒತ್ತಿದರೆ ಫ್ರಾನ್ಸ್ ಗಡಿಯ ಹತ್ತಿರ, ಜಾರ್‌ಲಾಂಡ್ ರಾಜ್ಯದಲ್ಲಿರುವ ಇನ್ನೊಂದು ಊರಿಗೆ ಟಿಕೆಟ್ ಬರುತ್ತದೆ. ಅನುಭವದ ಮಾತು. ಉದ್ಯಾನದೊಳಗಿನ ಎಲಿಜಬೆತ್ ಬುಗ್ಗೆಯ ನೀರನ್ನು ಒಂದು ಗುಟುಕು ಕುಡಿದೆ. ಉಪ್ಪುಪ್ಪಾಗಿ, ತುಕ್ಕಿನ ರುಚಿಯಿತ್ತು, ಎರಡನೆಯ ಗುಟುಕಿಗೆ ಮನಸ್ಸಾಗಲಿಲ್ಲ. 1841ರಲ್ಲಿ ಬ್ಲಾಂ ಸಹೋದರರು ಇಲ್ಲಿ ಜೂಜುಕಟ್ಟೆ ತೆರೆದು, ಒಂದೇ ಸೊನ್ನೆಯ ರೂಲೆಟ್ (ಅಂಕಿಗಳ ಚಕ್ರದ ಜೂಜು, ಚೆಂಡು ಸೊನ್ನೆಗೆ ಬಿದ್ದರೆ ಲಾಭ ಕಟ್ಟೆಗೆ) ತಂದು ಯೂರೋಪಿನ ಸಿರಿವಂತರನ್ನು ಸೆಳೆದರು. ಎರಡು ಸೊನ್ನೆ ಇದ್ದುದು ಒಂದಾದರೆ ಆಡುವವನಿಗೆ ಲಾಭವೇ, ಆದರೂ ಕೊನೆಗೆ ಗೆಲ್ಲುವುದು ಕಟ್ಟೆಯೇ. ಹ್ಯಾಟಿನಿಂದ ಹೆಸರು ಮಾಡುವ ಮೊದಲೇ ಈ ಊರಿಗೆ ಟೋಪಿ ಹಾಕುವ ವಿದ್ಯೆ ಕರಗತವಾಗಿತ್ತು. 1872ರ ಕೊನೆಗೆ ಜೂಜು ನಿಂತಿತು. ನೀರಿಗೆಂದು ಬರುವವರು ಬರುತ್ತಲೇ ಇದ್ದರು. 1880ರ ದಶಕದಲ್ಲಿ ಹಾಗೆ ಬಂದ ಬ್ರಿಟನ್ನಿನ ಯುವರಾಜ, ಮುಂದೆ 7ನೇ ಎಡ್ವರ್ಡ್ ಆದವನು, ಇಲ್ಲಿಯ ಹ್ಯಾಟನ್ನು ಮೆಚ್ಚಿ ಹಾಕಿಕೊಂಡು ಹೋದ. ಲಂಡನ್ ಅವನನ್ನು ನೋಡಿ ಕಲಿಯಿತು.

ನನ್ನ ಹೊಂಬುರ್ಗ್ ಸಿಕ್ಕಿದ್ದು ಮೈನ್ ನದಿಯ ದಡದ ಶನಿವಾರದ ಹಳೆಸಾಮಾನು ಸಂತೆಯಲ್ಲಿ, 35 ಯೂರೋಗೆ. ಕಪ್ಪು ಬಣ್ಣ. ನೆತ್ತಿಯ ನಡುವೆ ಹಿಂದಿನಿಂದ ಮುಂದಕ್ಕೆ ಒಂದೇ ಉದ್ದನೆಯ ತಗ್ಗು. ಫೆಡೋರಾದಲ್ಲಿ ಮುಂಭಾಗದ ಎರಡು ಕಡೆ ಬೆರಳಿನಿಂದ ಚಿವುಟಿದಂಥ ಗುಳಿಗಳಿರುತ್ತವೆ, ಇದರಲ್ಲಿ ಅವಿಲ್ಲ. ಅಂಚು ಗಟ್ಟಿ. ಸುತ್ತಲೂ ಮೇಲಕ್ಕೆ ಸುರುಳಿಯಾಗಿದ್ದು, ತುದಿಗೆ ರೇಷ್ಮೆಯ ಪಟ್ಟಿ ಹೊಲಿದಿದ್ದಾರೆ. ಮಾರುತ್ತಿದ್ದ ಅಜ್ಜ ನಾನು ಅದನ್ನು ನೆತ್ತಿ ಹಿಡಿದು ಎತ್ತಿದ್ದನ್ನು ಕಂಡು ಕೈಯಿಂದ ಕಸಿದುಕೊಂಡೇಬಿಟ್ಟರು. ಎರಡೂ ಕೈಯಿಂದ ಅಂಚು ಹಿಡಿದು ಹೇಗೆ ಎತ್ತಬೇಕೆಂದು ತೋರಿಸಿದ ಮೇಲೆಯೇ ದುಡ್ಡು ಮುಟ್ಟಿದ್ದು.

ಮೊದಲ ಮಳೆಯಲ್ಲೇ ಅದರ ಗುಣ ಗೊತ್ತಾಯಿತು. ಮೇಲೆದ್ದ ಅಂಚು ಸೂರಿನ ದೋಣಿಯಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನೆತ್ತಿಯ ತಗ್ಗಿನಲ್ಲಿ ಇನ್ನೊಂದಿಷ್ಟು. ಪಕ್ಕದ ಮನೆಯ ಹಿರಿಯ ಹೆಂಗಸು ಎದುರಾದಾಗ ವಿನಯದಿಂದ ತಲೆಬಾಗಿದೆ, ಅಷ್ಟೂ ನೀರು ಅವರ ಕೈಯಲ್ಲಿದ್ದ ಬ್ರೆಡ್ಡಿನ ಚೀಲಕ್ಕೆ ಸುರಿಯಿತು. ಫೆಡೋರಾದ ಮುಂಭಾಗದ ಅಂಚನ್ನು ಕೆಳಗೆ ಬಗ್ಗಿಸಬಹುದು, ನೀರು ಮೂಗಿನ ಮುಂದೆ ಇಳಿದು ಹೋಗುತ್ತದೆ. ರೈಲಿನಲ್ಲೂ ಅಷ್ಟೇ. ಸೀಟಿಗೆ ಒರಗಿದರೆ ಫೆಡೋರಾ ಬಳುಕುತ್ತದೆ. ಹೊಂಬುರ್ಗ್ ಬಳುಕುವುದಿಲ್ಲ, ಹಿಂದಿನ ಅಂಚು ಸೀಟಿಗೆ ತಾಗಿ ಇಡೀ ಹ್ಯಾಟು ಹುಬ್ಬಿನ ಮೇಲೆ ಬಂದು ಕೂರುತ್ತದೆ. ಒಂದೋ ನೆಟ್ಟಗೆ ಕೂರಬೇಕು, ಇಲ್ಲವೇ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು.

ಬಟ್ಟೆಯ ವಿಷಯದಲ್ಲಿ ಅದು ಇನ್ನೂ ಹಟಮಾರಿ. ಜೀನ್ಸ್ ಮೇಲೆ ಹಾಕಿದರೆ ನಾಟಕ ಕಂಪನಿಯಿಂದ ಓಡಿಬಂದವನಂತೆ ಕಾಣುತ್ತೇನೆ. ಉದ್ದ ಕೋಟು, ಮಫ್ಲರು, ಪಾಲಿಶ್ ಮಾಡಿದ ಬೂಟು ಎಲ್ಲವನ್ನೂ ಕೇಳುತ್ತದೆ. 1953ರಲ್ಲಿ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷನಾಗಿ ಪ್ರಮಾಣವಚನಕ್ಕೆ ವಾಡಿಕೆಯ ಉದ್ದನೆಯ ರೇಷ್ಮೆ ಹ್ಯಾಟು ಬಿಟ್ಟು ಹೊಂಬುರ್ಗ್ ಹಾಕಿ ಬಂದಾಗ ಅದು ಬಿಗಿ ಸಡಿಲಿಸಿದಂತೆ ಇತ್ತಂತೆ. ಇದು ಸಡಿಲವಾದರೆ ಬಿಗಿ ಯಾವುದೋ!

ಬೌಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1849ರಲ್ಲಿ ಅದನ್ನು ಮಾಡಿಸಿದ್ದು ಕಾಡು ಕಾಯುವವರ ತಲೆಗೆ ಕೊಂಬೆ ಬಡಿಯದಿರಲಿ ಎಂದು, ಗಟ್ಟಿತನದಲ್ಲಿ ಅದು ಈಗಲೂ ಹೆಲ್ಮೆಟ್ಟಿಗೆ ಹತ್ತಿರ. ಗಾಳಿಗೆ ಜಪ್ಪಯ್ಯ ಎಂದರೂ ಹಾರಲಿಲ್ಲ, ಅದೊಂದು ಮೆಚ್ಚಬೇಕು. ಆದರೆ ಹಣೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ಜರ್ಮನ್ನರು ಇದನ್ನು ‘ಮೆಲೋನೆ’, ಅಂದರೆ ಕರಬೂಜ ಎನ್ನುತ್ತಾರೆ, ನನ್ನ ದುಂಡು ಮುಖಕ್ಕೆ ಆ ಹೆಸರು ತೀರಾ ಒಪ್ಪುತ್ತಿತ್ತು. ಫೆಬ್ರವರಿಯ ಕಾರ್ನಿವಲ್‌ಗೆ ಮಗಳು ಕೇಳಿದಳು, ಕೊಟ್ಟುಬಿಟ್ಟೆ.

ಈಗ ದಿನನಿತ್ಯಕ್ಕೆ ಫೆಡೋರಾ. ಹಾಗೆಂದು ಅದರ ಮೇಲೆ ಅಂಥ ಪ್ರೀತಿಯೇನಿಲ್ಲ, ಹೊಂದಿಕೊಂಡು ಹೋಗುತ್ತದೆ ಅಷ್ಟೇ. ವಿಡಿಯೊ ಕರೆಯಲ್ಲಿ ಮೂರನ್ನೂ ನೋಡಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಕಿವಿಯೇ ಮುಚ್ಚುವುದಿಲ್ಲವಲ್ಲೋ, ಇದೆಂಥ ಟೋಪಿ?” ಮೂರು ವಾರಕ್ಕೆ ಹಾಸನದಿಂದ ಕಂದುಬಣ್ಣದ ಮಂಕಿ ಕ್ಯಾಪ್ ಬಂತು.

ಮಾರ್ಚ್ ಮೊದಲ ವಾರ ಹಳೆಯ ಒಪೇರಾ ಭವನದಲ್ಲಿ ಸಂಗೀತ ಕಚೇರಿಯೊಂದಕ್ಕೆ ಹೋದಾಗ ಹೊಂಬುರ್ಗ್ ಹಾಕಿಕೊಂಡಿದ್ದೆ. ಕೋಟು ಇರಿಸಿಕೊಳ್ಳುವ ಹೆಂಗಸು ನನ್ನ ಮುಂದಿದ್ದವರ ಟೋಪಿಗಳನ್ನೆಲ್ಲ ಅವರವರ ಕೋಟಿನ ತೋಳಿಗೆ ತುರುಕುತ್ತಿದ್ದರು. ನನ್ನದನ್ನು ಎರಡೂ ಕೈಯಿಂದ ಅಂಚು ಹಿಡಿದು ತೆಗೆದುಕೊಂಡರು. ಮೇಲಿನ ಹಲಗೆಯಲ್ಲಿ ಜಾಗ ಮಾಡಿ, ಅಂಚು ಕೆಡದಂತೆ ಬೋರಲು ತಿರುಗಿಸಿ ನೆತ್ತಿಯ ಮೇಲೆ ನಿಲ್ಲಿಸಿದರು. ಆಮೇಲೆ ಕೋಟಿನ ಜೇಬಿನಿಂದ ಇಣುಕುತ್ತಿದ್ದ ಮಂಕಿ ಕ್ಯಾಪನ್ನು ಎಳೆದು ತೆಗೆದು, ನಾಲ್ಕಾಗಿ ಮಡಿಚಿ, ಏನೂ ಮಾತಾಡದೆ ಅದರೊಳಗೆ ಇಟ್ಟರು.